ಲಾಟ್ ಮತ್ತು ಯೂನಿಟ್ ನಡುವಿನ ಟೇಬಲ್ಲನ್ನು ಓಆರ್‌ಎಂಗೆ ಬಿಡಬೇಕೇ, ನಾವೇ ಬರೆಯಬೇಕೇ?

ಬಳ್ಳಾರಿ ಲೆಕ್ಕಿಗ: ನಮ್ಮೂರಿನ ಜೀನ್ಸ್ ತಯಾರಕರೊಬ್ಬರಿಗೆ ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೋದಲ್ಲಿ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೇನೆ; ಕೋಡನ್ನು ಡೇಟಾಬೇಸ್ ಟೇಬಲ್ಲುಗಳಿಗೆ ಜೋಡಿಸುವ ಓಆರ್‌ಎಂ ಅದರಲ್ಲೇ ಇದೆ. ಒಂದು ಲಾಟ್ ಹೊಲಿಗೆ, ವಾಷಿಂಗ್, ಪ್ಯಾಕಿಂಗ್ ಎಂದು ಹಲವು ಯೂನಿಟ್‌ಗಳಿಗೆ ಹೋಗುತ್ತದೆ, ಒಂದು ಯೂನಿಟ್‌ಗೆ ಹಲವು ಲಾಟ್‌ಗಳು ಬರುತ್ತವೆ. ಹಾಗಾಗಿ ಹಲವಕ್ಕೆ ಹಲವನ್ನು ಜೋಡಿಸುವ ಮೆನಿ-ಟು-ಮೆನಿ ಫೀಲ್ಡ್ ಹಾಕಿ, ಯಾವ ಲಾಟ್ ಯಾವ ಯೂನಿಟ್‌ಗೆ ಹೋಯಿತೆಂದು ಬರೆದಿಡುವ ನಡುವಿನ ಟೇಬಲ್ಲನ್ನು ಜಾಂಗೋಗೇ ಬಿಟ್ಟಿದ್ದೆ. ಕಳೆದ ವಾರ ಬಣ್ಣ ಸರಿಯಾಗಿ ಬಾರದ 400 ಪ್ಯಾಂಟುಗಳ ಲಾಟ್ ಒಂದು ಅದೇ ವಾಷಿಂಗ್ ಯೂನಿಟ್‌ಗೆ ಎರಡನೆಯ ಸಲ ಹೋಯಿತು. ಜೋಡಿಯನ್ನು ಸೇರಿಸುವ ‘ಆ್ಯಡ್’ ಕರೆದಾಗ ಎರರ್ ಬರಲಿಲ್ಲ, ಹೊಸ ಸಾಲೂ ಸೇರಲಿಲ್ಲ. ವಾಷಿಂಗ್‌ನವರ ಬಿಲ್ಲಿನಲ್ಲಿ ಎರಡು ಸಲದ ಕೂಲಿ, ನಮ್ಮ ಲೆಕ್ಕದಲ್ಲಿ ಒಂದೇ ಸಲ. ಮಾಲೀಕರ ಎದುರು ತಲೆತಗ್ಗಿಸಬೇಕಾಯಿತು. ನಡುವಿನ ಟೇಬಲ್ಲನ್ನು ಎಂದಿಗೂ ಓಆರ್‌ಎಂ ಕೈಗೆ ಬಿಡಬಾರದು.

ಗಂಗಾವತಿ ಪ್ರೋಗ್ರಾಮರ್: ‘ಎಂದಿಗೂ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಕ್ಕಿ ಗಿರಣಿಯೊಂದಕ್ಕೆ ನಾನು ಬರೆದ ತಂತ್ರಾಂಶದಲ್ಲಿ ಯಾವ ತಳಿ ಯಾವ ಗೋದಾಮಿನಲ್ಲಿದೆ ಎಂಬುದಷ್ಟೇ ಬೇಕು. ಅಲ್ಲಿ ಜಾಂಗೋ ತಾನಾಗಿ ಸೃಷ್ಟಿಸುವ ಒಂದು ಐಡಿ, ಎರಡು ಫಾರಿನ್ ಕೀ (ಬೇರೆ ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂ), ಆ ಜೋಡಿಗೊಂದು ಯುನಿಕ್ ನಿರ್ಬಂಧ (ಅದೇ ಜೋಡಿ ಎರಡು ಸಲ ಬಾರದಂತೆ ತಡೆ) ಧಾರಾಳವಾಗಿ ಸಾಕು. ಹೆಚ್ಚಿನ ಕಾಲಂ ಬೇಕಾದರೆ ‘ಥ್ರೂ’ ಮಾಡೆಲ್, ಅಂದರೆ ನಡುವಿನ ಟೇಬಲ್ಲನ್ನು ನಾವೇ ಬರೆಯುವ ದಾರಿ, ಇದೆ. 2019ರ 2.2 ಆವೃತ್ತಿಯಿಂದ ಅದರ ಜೊತೆಗೂ ‘ಆ್ಯಡ್’ ನಡೆಯುತ್ತದೆ.

ರಾಯಚೂರು ಉಪನ್ಯಾಸಕ: ‘ಒಂದು ಐಡಿ’ ಎಂದಿರಲ್ಲ, ಮೂಲ ದೋಷ ಇರುವುದೇ ಅಲ್ಲಿ. ನಡುವಿನ ಟೇಬಲ್ಲಿಗೆ ಬೇರೆ ಐಡಿ ಏಕೆ? ರಿಲೇಷನಲ್ ಡೇಟಾಬೇಸ್ ಮಾದರಿಯನ್ನು ರೂಪಿಸಿದ ಕಾಡ್ ಅವರು 1970ರ ಪ್ರಬಂಧದಲ್ಲೇ ಹಲವು ಕಾಲಂಗಳು ಕೂಡಿ ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸುವ ಕೀ) ಆಗಬಹುದೆಂದು ಹೇಳಿದ್ದಾರೆ. ಅರ್ಥವಿಲ್ಲದ ಸಂಖ್ಯೆಯೊಂದನ್ನು ಪ್ರತಿ ಸಾಲಿಗೂ ಅಂಟಿಸುವುದನ್ನು ನಾನು ವಿದ್ಯಾರ್ಥಿಗಳಿಗೆ ಕಲಿಸುವುದಿಲ್ಲ.

ಸಿಂಧನೂರು ಡೇಟಾ: ಸರ್, ಅದೇ ಕಾಡ್ ಅವರು 1979ರ ಪ್ರಬಂಧದಲ್ಲಿ ವ್ಯವಸ್ಥೆಯೇ ಕೊಡುವ ಗುರುತು, ಅಂದರೆ ಸರೊಗೇಟ್, ಬೇಕೆಂದಿದ್ದಾರೆ. ಅದನ್ನೇಕೆ ಬಿಟ್ಟಿರಿ? ಲಾಟ್ ಮತ್ತು ಯೂನಿಟ್ ಜೋಡಿಯನ್ನೇ ಕೀ ಮಾಡಿದ್ದರೆ ಎರಡನೆಯ ವಾಷಿಂಗ್ ಆಗಲೂ ದಾಖಲಾಗುತ್ತಿರಲಿಲ್ಲ.

ರಾಯಚೂರು ಉಪನ್ಯಾಸಕ: ಜೋಡಿಯನ್ನು ಕೀ ಮಾಡಿ ಎಂದು ನಾನು ಎಲ್ಲಿ ಹೇಳಿದೆ? ಹಲವು ಕಾಲಂ ಎಂದೆ. ಲಾಟ್, ಯೂನಿಟ್, ಎಷ್ಟನೆಯ ಸುತ್ತು, ಈ ಮೂರೂ ಸೇರಿದರೆ ಕೀ ಪೂರ್ಣವಾಗುತ್ತದೆ.

ಕೊಪ್ಪಳ ಬ್ಯಾಕೆಂಡ್: ಕೀ ಯಾವುದೇ ಇರಲಿ, ಲಾಟ್‌ಗಳ ಪಟ್ಟಿ ತೋರಿಸುವಾಗ ಪ್ರತಿ ಲಾಟಿಗೂ ಯೂನಿಟ್‌ಗಳನ್ನು ಬೇರೆ ಬೇರೆಯಾಗಿ ಕೇಳಿದರೆ 200 ಲಾಟಿಗೆ ಪಟ್ಟಿಗೊಂದು, ಲಾಟಿಗೊಂದೊಂದು ಎಂದು 201 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡುತ್ತವೆ. ಎಲ್ಲ ಯೂನಿಟ್‌ಗಳನ್ನೂ ಒಟ್ಟಿಗೆ ತರುವ ‘ಪ್ರಿಫೆಚ್ ರಿಲೇಟೆಡ್’ ಹಾಕಿದರೆ ಎರಡರಲ್ಲಿ ಮುಗಿಯುತ್ತದೆ. ಇದರ ಬಗ್ಗೆ ಯಾರೂ ಮಾತನಾಡುತ್ತಿಲ್ಲ.

ಸಿಂಧನೂರು ಡೇಟಾ: ‘ಪೂರ್ಣವಾಗುತ್ತದೆ’ ಎಂದರೆ ಸಾಲದು, ನಡೆಯಬೇಕು! ಜಾಂಗೋದಲ್ಲಿ ಹಲವು ಕಾಲಂಗಳ ಪ್ರೈಮರಿ ಕೀ ಬಂದದ್ದೇ 2025ರ 5.2ರಲ್ಲಿ, ಮತ್ತು ಆ ಆವೃತ್ತಿಯಲ್ಲಿ ಅಂಥ ಮಾಡೆಲ್ಲಿಗೆ ಬೇರೆ ಟೇಬಲ್ಲಿನಿಂದ ಫಾರಿನ್ ಕೀ ಕೊಡಲು ಬರುವುದಿಲ್ಲ. ವಾಷಿಂಗ್ ಬಿಲ್ಲಿನ ಪ್ರತಿ ಸಾಲೂ ಒಂದೊಂದು ಸುತ್ತನ್ನು ತೋರಿಸಬೇಕಾದವರು ಏನು ಮಾಡಬೇಕು? ತರಗತಿಯ ಕಪ್ಪುಹಲಗೆಯ ಮೇಲೆ ಬಿಲ್ ಚುಕ್ತಾ ಆಗುವುದಿಲ್ಲ.

ರಾಯಚೂರು ಉಪನ್ಯಾಸಕ: ಕಪ್ಪುಹಲಗೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಒಂದು ಉಪಕರಣಕ್ಕೆ ಬಾರದ್ದನ್ನು ಸಿದ್ಧಾಂತದ ತಪ್ಪೆಂದು ಹೊರಿಸುವುದು ಸರಿಯಲ್ಲ. ಐಡಿ ಇಟ್ಟವರು ಮೂರು ಕಾಲಂಗಳ ಯುನಿಕ್ ನಿರ್ಬಂಧವನ್ನು ಮರೆಯುವುದನ್ನು ನಾನು ವರ್ಷವರ್ಷವೂ ಪ್ರಾಜೆಕ್ಟ್‌ಗಳಲ್ಲಿ ಕಾಣುತ್ತಿದ್ದೇನೆ. ‘ಥ್ರೂ’ ಬರೆದಾಗ ಜಾಂಗೋ ಆ ನಿರ್ಬಂಧವನ್ನು ತಾನಾಗಿ ಹಾಕುವುದೂ ಇಲ್ಲ.

ಬಳ್ಳಾರಿ ಲೆಕ್ಕಿಗ: ಗಂಗಾವತಿಯವರು ‘ಆ್ಯಡ್ ನಡೆಯುತ್ತದೆ’ ಎಂದದ್ದನ್ನು ನಂಬಿ ನಿನ್ನೆ ರಾತ್ರಿ ‘ಥ್ರೂ’ ಬರೆದು ಪ್ರಯತ್ನಿಸಿದೆ. ಜೋಡಿ ಮೊದಲೇ ಇದ್ದರೆ ‘ಆ್ಯಡ್’ ಆಗಲೂ ಸುಮ್ಮನಿರುತ್ತದೆ. ‘ರಿಮೂವ್’ ಕರೆದರೆ ಆ ಜೋಡಿಯ ಎಲ್ಲ ಸುತ್ತುಗಳೂ ಒಟ್ಟಿಗೆ ಅಳಿಯುತ್ತವೆ. ಕೊನೆಗೆ ನಡುವಿನ ಮಾಡೆಲ್ಲಿನ ‘ಕ್ರಿಯೇಟ್’ ಅನ್ನೇ ನೇರವಾಗಿ ಕರೆಯಬೇಕಾಯಿತು. ಐಡಿ ಉಳಿಸಿಕೊಂಡು, ಮೂರು ಕಾಲಂಗಳಿಗೆ ಯುನಿಕ್ ನಿರ್ಬಂಧ ಹಾಕಿದ್ದೇನೆ.

ರಾಯಚೂರು ಉಪನ್ಯಾಸಕ: ಮೂರು ಕಾಲಂ ಎಂದು ನಾನು ಹೇಳಿದ್ದನ್ನೇ ಮಾಡಿದ್ದೀರಿ.

ಸಿಂಧನೂರು ಡೇಟಾ: ‘ಐಡಿ ಉಳಿಸಿಕೊಂಡು’ ಎಂಬುದನ್ನೂ ಓದಿ ಸರ್.

ಗಂಗಾವತಿ ಪ್ರೋಗ್ರಾಮರ್: ನನ್ನ ಗೋದಾಮಿನ ಉದಾಹರಣೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅದಿರಲಿ, ಚಾಲ್ತಿಯಲ್ಲಿರುವ ಫೀಲ್ಡಿಗೆ ‘ಥ್ರೂ’ ಸೇರಿಸಲು ಮೈಗ್ರೇಷನ್ (ಟೇಬಲ್ಲಿನ ರಚನೆ ಬದಲಿಸುವ ಹಂತ) ಒಪ್ಪುವುದೇ ಇಲ್ಲವಲ್ಲ, ಹಳೆಯ ಸಾಲುಗಳನ್ನು ಏನು ಮಾಡಿದಿರಿ?

ಬಳ್ಳಾರಿ ಲೆಕ್ಕಿಗ: ಹೌದು, ಮೊದಲು ಎರರ್ ಬಂತು. ಡೇಟಾಬೇಸನ್ನು ಮುಟ್ಟದೆ ಜಾಂಗೋದ ದಾಖಲೆಯನ್ನಷ್ಟೇ ಬದಲಿಸಬಲ್ಲ ‘ಸೆಪರೇಟ್ ಡೇಟಾಬೇಸ್ ಆ್ಯಂಡ್ ಸ್ಟೇಟ್’ ಬಳಸಿ ಹಳೆಯ ಟೇಬಲ್ಲನ್ನೇ ಹೊಸ ಮಾಡೆಲ್ಲಿಗೆ ಜೋಡಿಸಿ, ಆಮೇಲೆ ಸುತ್ತಿನ ಕಾಲಂ ಸೇರಿಸಿ, ಹಳೆಯ ಸಾಲುಗಳಿಗೆಲ್ಲ 1 ಎಂದು ತುಂಬಿದೆ.

ಸಿಂಧನೂರು ಡೇಟಾ: ಹಾಗಾದರೆ ಎರಡು ಕಾಲಂಗಳ ಹಳೆಯ ಯುನಿಕ್ ನಿರ್ಬಂಧ ಡೇಟಾಬೇಸಿನಲ್ಲಿ ಇನ್ನೂ ಕುಳಿತಿರುತ್ತದೆ. ಅದನ್ನು ತೆಗೆಯದಿದ್ದರೆ ಎರಡನೆಯ ಸುತ್ತು ಬರೆದ ಕೂಡಲೇ ನಿರ್ಬಂಧ ಮುರಿದದ್ದಕ್ಕೆ ಇಂಟೆಗ್ರಿಟಿ ಎರರ್ ಬರುತ್ತದೆ. ನಾಳೆ ಲಾಟ್ ಬರುವ ಮೊದಲೇ ನೋಡಿಕೊಳ್ಳಿ ಅಣ್ಣಾ.