ಪದಚರ್ಚೆ: ಮಾಸ್ಕೋದ ‘ಕೆಂಪು ಚೌಕ’ ಕೆಂಪೂ ಅಲ್ಲ, ಚೌಕವೂ ಅಲ್ಲ. ಏನು ಮಾಡೋಣ?

ಗೆಳೆಯರೇ,

ರಷ್ಯಾ ಪ್ರವಾಸಕ್ಕೆ ಹೋಗುವ ಕನ್ನಡದವರಿಗಾಗಿ ಬರೆದ ಒಂದು ಪುಟ್ಟ ಕೈಪಿಡಿಯ ಕರಡು ತಿದ್ದಲು ನನ್ನ ಕೈಗೆ ಬಂದಿದೆ. ವಿಷಯ ಚೆನ್ನಾಗಿದೆ. ತೊಡಕು ಇರುವುದು ಹೆಸರುಗಳಲ್ಲಿ. ಎಲ್ಲ ಹೆಸರುಗಳೂ ಇಂಗ್ಲಿಷ್ ದಾರಿಯಲ್ಲಿ ಬಂದಿವೆ. ಕೆಲವನ್ನು ಹಾಗೇ ಬರೆದಿದ್ದಾರೆ, ಕೆಲವನ್ನು ಕನ್ನಡ ಮಾಡಿದ್ದಾರೆ, ಕೆಲವು ಅರ್ಧ ಅರ್ಧ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನಲ್ಲಿ ಓದಬೇಕಾದ, ದಾರಿ ಕೇಳಬೇಕಾದ ಹೆಸರನ್ನು ರಷ್ಯನ್ನಿನಲ್ಲಿ ಇದ್ದ ಹಾಗೇ ಕೊಡಬೇಕು. ಅರ್ಥವನ್ನು ಮಾತ್ರ ಕನ್ನಡದಲ್ಲಿ ಹೇಳಬೇಕು. ಆ ಅರ್ಥ ಇಂಗ್ಲಿಷಿನಿಂದ ಅಲ್ಲ, ರಷ್ಯನ್ನಿನಿಂದಲೇ ಬರಬೇಕು. ಹಾಗೆ ನೇರವಾಗಿ ಹೋದರೆ ಎಷ್ಟೋ ಕಡೆ ಇಂಗ್ಲಿಷಿಗಿಂತ ಒಳ್ಳೆಯ ಪದ ನಮ್ಮ ಹತ್ತಿರವೇ ಇದೆ. ಒಪ್ಪದವರು ಜಗಳಕ್ಕೆ ಬನ್ನಿ.

ಮೊದಲಿಗೆ ‘ಕೆಂಪು ಚೌಕ’. ರಷ್ಯನ್ನಿನಲ್ಲಿ ಅದು ‘ಕ್ರಾಸ್ನಯ ಪ್ಲೋಶದ್’. ಕ್ರಾಸ್ನಿ ಅಂದರೆ ಇವತ್ತು ಕೆಂಪು, ನಿಜ. ಆದರೆ ಹಳೆಯ ರಷ್ಯನ್ನಿನಲ್ಲಿ ಅದಕ್ಕೆ ಚೆಂದದ, ಮೇಲಾದ ಅನ್ನುವ ಅರ್ಥ ಇತ್ತು. ಈಗ ಚೆಂದಕ್ಕೆ ‘ಕ್ರಸೀವಿ’ ಅನ್ನುತ್ತಾರೆ, ಎರಡಕ್ಕೂ ಬೇರು ಒಂದೇ. ಜನಪದ ಕತೆಗಳಲ್ಲಿ ಬರುವ ‘ಕ್ರಾಸ್ನಯ ದೇವಿತ್ಸ’ ಕೆಂಪು ಹುಡುಗಿ ಅಲ್ಲ, ಚೆಲುವೆ. (ದೇವಿತ್ಸ ಕೇಳಿ ನಮ್ಮ ದೇವಿಯನ್ನು ತರಬೇಡಿ, ಅದು ಬೇರೆ ಬೇರು.) ಹಳ್ಳಿಮನೆಯಲ್ಲಿ ದೇವರ ಪಟ ಇಡುವ ಮೂಲೆಯನ್ನು ‘ಕ್ರಾಸ್ನಿ ಊಗಲ್’ ಅನ್ನುತ್ತಾರೆ. ಅಲ್ಲಿ ಬಣ್ಣದ ಮಾತೇ ಇಲ್ಲ, ಅದು ಮನೆಯಲ್ಲಿ ಮರ್ಯಾದೆಯ ಜಾಗ.

ಕೈಪಿಡಿಯ ಕರಡಿನಲ್ಲಿ ‘ಕಮ್ಯುನಿಸ್ಟರ ಕೆಂಪು ಬಾವುಟದಿಂದ ಈ ಹೆಸರು ಬಂತು’ ಅಂತ ಬರೆದಿದ್ದರು. ಹೊಡೆದುಹಾಕಿದೆ. ಈ ಹೆಸರು 17ನೇ ಶತಮಾನದ್ದು, ಕ್ರಾಂತಿ ಆಗಿದ್ದು 1917ರಲ್ಲಿ. ಪಕ್ಕದ ಕ್ರೆಮ್ಲಿನ್ ಗೋಡೆಯ ಕೆಂಪು ಇಟ್ಟಿಗೆಯಿಂದ ಬಂತು ಅನ್ನುವುದೂ ನಿಲ್ಲುವುದಿಲ್ಲ. 1485ರಿಂದ 1495ರ ನಡುವೆ ಕಟ್ಟಿದ ಆ ಇಟ್ಟಿಗೆ ಗೋಡೆಗೆ ಬಹಳ ಕಾಲ ಸುಣ್ಣ ಬಳಿಯುತ್ತಿದ್ದರು. 19ನೇ ಶತಮಾನದ ಚಿತ್ರಗಳಲ್ಲಿ ಅದು ಬೆಳ್ಳಗೇ ಕಾಣುತ್ತದೆ.

ಇನ್ನು ಚೌಕ. ‘ಪ್ಲೋಸ್ಕಿ’ ಅಂದರೆ ಚಪ್ಪಟೆ, ಸಮತಟ್ಟು. ಪ್ಲೋಶದ್ ಅದೇ ಬೇರಿನ ಪದ. ನಾಲ್ಕು ಮೂಲೆ ಇರಬೇಕು ಅಂತೇನಿಲ್ಲ. ಕ್ರಾಸ್ನಯ ಪ್ಲೋಶದ್ ಉದ್ದ ಸುಮಾರು 330 ಮೀಟರ್, ಅಗಲ 75ರಷ್ಟು. ಪೀಟರ್ಸ್‌ಬರ್ಗಿನಲ್ಲಿ ಚಳಿಗಾಲದ ಅರಮನೆಯ ಮುಂದಿರುವ ‘ದ್ವರ್ತ್ಸೋವಯ ಪ್ಲೋಶದ್’ ಅಂತೂ ಒಂದು ಬದಿಯಲ್ಲಿ ಬಿಲ್ಲಿನ ಹಾಗೆ ಬಾಗಿದೆ. ಅದನ್ನು ‘ಅರಮನೆ ಚೌಕ’ ಅಂತ ಬರೆದು, ಓದುವವರು ಅಲ್ಲಿ ಹೋಗಿ ನಾಲ್ಕು ಮೂಲೆ ಹುಡುಕಿದರೆ? ನಮ್ಮ ‘ಬಯಲು’ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಅರಮನೆ ಬಯಲು.

ಹಾಗಾದರೆ ಕ್ರಾಸ್ನಯಕ್ಕೆ? ‘ಚೆಲುವಿನ ಬಯಲು’ ಅಂದರೆ ಇವತ್ತಿನ ಕೆಂಪು ಅರ್ಥ ತಪ್ಪಿಹೋಗುತ್ತದೆ. ‘ಕೆಂಬಯಲು’ ಅಂದರೆ ಹಳೆಯ ಅರ್ಥ ತಪ್ಪುತ್ತದೆ. ಆಗ ಹಳಗನ್ನಡದ ‘ಚೆಂ’ ನೆನಪಾಯಿತು. ಚೆಂದುಟಿಯಲ್ಲಿ ಅದು ಬರೀ ಕೆಂಪು. ಚೆಂಬೊನ್ನಿನಲ್ಲಿ ಕೆಂಪು ಚಿನ್ನವೂ ಹೌದು, ಅಪ್ಪಟ ಚಿನ್ನವೂ ಹೌದು. ತಮಿಳಿನ ‘ಸೆಮ್ಮೈ’ ಪದಕ್ಕೂ ಕೆಂಪು ಮತ್ತು ಒಳ್ಳೆಯತನ ಎರಡೂ ಅರ್ಥ ಇವೆ, ತಿದ್ದಿ ತೀಡಿದ ತಮಿಳನ್ನು ಅವರು ‘ಸೆಂದಮಿಳ್’ ಅನ್ನುತ್ತಾರೆ. ಅಂದರೆ ಕೆಂಪಿನಿಂದ ಚೆಂದಕ್ಕೆ ದಾಟುವ ದಾರಿ ರಷ್ಯನ್ನರಿಗೆ ಮಾತ್ರ ಗೊತ್ತಿದ್ದಲ್ಲ. ಆದ್ದರಿಂದ ನನ್ನ ಸಲಹೆ ‘ಚೆಂಬಯಲು’. ಹೆಸರಾಗಿ ಅಲ್ಲ, ಅರ್ಥವಾಗಿ. ಕೈಪಿಡಿಯಲ್ಲಿ ಹೀಗೆ ಬರುತ್ತದೆ: ‘ಕ್ರಾಸ್ನಯ ಪ್ಲೋಶದ್, ಅಂದರೆ ಚೆಂಬಯಲು, ಕೆಂಪು ಚೌಕ ಅಂತ ನೀವು ಕೇಳಿರುವುದು ಇದನ್ನೇ.’ ಜಾಸ್ತಿ ಆಯ್ತಾ? ಹೇಳಿ.

ಅದರ ಪಕ್ಕದಲ್ಲೇ ಎರಡನೇ ಪ್ರಶ್ನೆ. ರಷ್ಯನ್ನರು ಕ್ರೆಮ್ಲಿನ್ ಅನ್ನುವುದಿಲ್ಲ, ‘ಕ್ರೆಮ್ಲ್’ ಅನ್ನುತ್ತಾರೆ. ಅದು ಒಂದು ಕಟ್ಟಡದ ಹೆಸರಲ್ಲ, ಊರೊಳಗಿನ ಕೋಟೆ ಅನ್ನುವ ಸಾಮಾನ್ಯ ಪದ. ಕಜಾನ್, ತೂಲಾ, ನೀಜ್ನಿ ನೊವ್ಗೊರದ್, ಅಸ್ತ್ರಖಾನ್, ಎಲ್ಲ ಕಡೆ ಕ್ರೆಮ್ಲ್ ಇದೆ. ಕಜಾನಿನ ಕ್ರೆಮ್ಲ್ ಒಳಗೆ 2005ರಲ್ಲಿ ತೆರೆದ ದೊಡ್ಡ ಮಸೀದಿಯೂ ಇದೆ. ನಮ್ಮ ಪತ್ರಿಕೆಗಳಲ್ಲಿ ‘ಕ್ರೆಮ್ಲಿನ್ ಹೇಳಿದೆ’ ಅಂತ ಓದಿ ಓದಿ ಅದು ಸರಕಾರದ ಕಚೇರಿ ಅಂತಲೇ ತಲೆಗೆ ಹೋಗಿದೆ. ಒಳಗೆ ಹೋದರೆ ಸಿಗುವುದು ಗುಡಿಗಳು, ಗಂಟೆಗೋಪುರ, ಹಿಂದಿನ ತ್ಸಾರರ ಸಮಾಧಿಗಳು. ಜೊತೆಗೆ ‘ತ್ಸಾರ್ ಕೋಲಕಲ್’ ಅನ್ನುವ 200 ಟನ್ ಮೀರಿದ ಗಂಟೆ. ಅದನ್ನು ಒಮ್ಮೆಯೂ ಬಾರಿಸಲಿಲ್ಲ. 1737ರ ಬೆಂಕಿಯಲ್ಲಿ ಒಡೆದು 11 ಟನ್‌ಗೂ ಹೆಚ್ಚು ತೂಕದ ಒಂದು ಚೂರು ಕಳಚಿಕೊಂಡಿತು. ಆ ಚೂರನ್ನೂ ಪಕ್ಕದಲ್ಲೇ ನಿಲ್ಲಿಸಿದ್ದಾರೆ.

ಕೋಟೆ ಅಂದರೆ ಪೇಟೆಯೂ ಬೇಕಲ್ವಾ? ರಷ್ಯನ್ನಿನಲ್ಲಿ ಕೋಟೆಯ ಹೊರಗೆ ವ್ಯಾಪಾರಿಗಳು, ಕಸುಬಿನವರು ಇರುತ್ತಿದ್ದ ಭಾಗಕ್ಕೆ ‘ಪಸಾದ್’ ಅಂತ ಹೆಸರು. ಬೆಂಗಳೂರಿನ ಕೋಟೆ ಮತ್ತು ಪೇಟೆ ಹೇಗೋ ಹಾಗೇ ಕ್ರೆಮ್ಲ್ ಮತ್ತು ಪಸಾದ್. ಕ್ರಾಸ್ನಯ ಪ್ಲೋಶದ್‌ಗೆ ಮೊದಲಿದ್ದ ಹೆಸರುಗಳಲ್ಲಿ ಒಂದು ‘ತೋರ್ಗ್’, ಅಂದರೆ ವ್ಯಾಪಾರ, ಸಂತೆ. ಮಾಸ್ಕೋದಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ‘ಸೆರ್ಗಿಯೆವ್ ಪಸಾದ್’ ಅಂದರೆ ಸೆರ್ಗಿಯ ಪೇಟೆ. ಅಲ್ಲಿನ ದೊಡ್ಡ ಮಠದ ಸುತ್ತ ಬೆಳೆದ ಊರದು. ಒಂದರೊಳಗೊಂದು ಕೂರುವ ಮಾತ್ರ್ಯೋಶ್ಕ ಗೊಂಬೆಗೂ ಅದು ಹೆಸರುವಾಸಿ. ಮಾತ್ರ್ಯೋಶ್ಕ ಅನ್ನುವುದು ಮತ್ರ್ಯೋನ ಅನ್ನುವ ಹಳ್ಳಿ ಹೆಣ್ಣಿನ ಹೆಸರಿನ ಮುದ್ದಿನ ರೂಪ. ಬಹಳ ಪ್ರಾಚೀನ ಅಂತ ಕರಡಿನಲ್ಲಿತ್ತು. ಗೊಂಬೆ ಹುಟ್ಟಿದ್ದು 1890ರ ದಶಕದಲ್ಲಿ.

ಅದೇ ಹಳೆಯ ಮಾಸ್ಕೋ ಪೇಟೆಯ ಭಾಗ ‘ಕಿತಾಯ್ ಗೋರದ್’. ಕಿತಾಯ್ ಅಂದರೆ ಇವತ್ತಿನ ರಷ್ಯನ್ನಿನಲ್ಲಿ ಚೀನಾ, ಗೋರದ್ ಅಂದರೆ ಪಟ್ಟಣ. ಅದಕ್ಕೇ ‘ಚೈನಾ ಟೌನ್’ ಅಂತ ಬರೆದುಬಿಟ್ಟಿದ್ದರು. ಆದರೆ ಅದು ಚೀನೀಯರ ಕೇರಿ ಅಲ್ಲ. ಅಲ್ಲಿ ಚೀನೀ ಊಟ ಹುಡುಕಿಕೊಂಡು ಹೋದವರ ಗತಿ!

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಬಣ್ಣಬಣ್ಣದ ಈರುಳ್ಳಿ ಗುಮ್ಮಟಗಳ ಆ ಗುಡಿ, ರಷ್ಯಾ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು. ನಾವು ‘ಸೇಂಟ್ ಬೇಸಿಲ್ ಕೆಥೆಡ್ರಲ್’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಬೇಸಿಲ್ ಅಂದರೆ ತುಳಸಿ ಜಾತಿಯ ಗಿಡವೂ ಹೌದು, ಯಂತ್ರಾನುವಾದಕ್ಕೆ ಸಿಕ್ಕರೆ ಅದು ‘ಸಂತ ತುಳಸಿ’ ಆಗಿಬಿಡೋ ಭಯ ಬೇರೆ. 1555ರಿಂದ 1561ರವರೆಗೆ ನಾಲ್ಕನೇ ಇವಾನ್ ಕಟ್ಟಿಸಿದ್ದು, ಕಜಾನ್ ಗೆದ್ದ ನೆನಪಿಗೆ. ಅದರ ನಿಜವಾದ ಹೆಸರು ಮೇರಿ ಮಾತೆಯ ಪಕ್ರೋವ್ ಹಬ್ಬದ ಮೇಲಿದೆ. ವಸೀಲಿ, ಅಂದರೆ ಇಂಗ್ಲಿಷಿನವರ ಬೇಸಿಲ್, ಬಂದಿದ್ದು ಆಮೇಲೆ. 1588ರಲ್ಲಿ ಅವನ ಸಮಾಧಿಯ ಮೇಲೆ ಒಂದು ಪುಟ್ಟ ಗುಡಿ ಸೇರಿಸಿದರು. ಜನರ ಬಾಯಲ್ಲಿ ಇಡೀ ಕಟ್ಟಡವೇ ‘ವಸೀಲಿ ಬ್ಲಝೆನ್ನಿಯ ಗುಡಿ’, ಅಂದರೆ ಧನ್ಯ ವಸೀಲಿಯ ಗುಡಿ ಆಯಿತು.

ಈ ವಸೀಲಿ ಯಾರು? ‘ಯುರೋದಿವಿ’. ಚಳಿಯಲ್ಲೂ ಬಟ್ಟೆಯ ಹಂಗಿಲ್ಲದೆ ಬೀದಿ ಅಲೆದವನು, ಹುಚ್ಚನ ಹಾಗೆ ಮಾತಾಡುತ್ತಿದ್ದವನು, ರಾಜನಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದವನು ಅಂತ ಜನ ನಂಬಿದ್ದರು. ಇಂಗ್ಲಿಷಿನವರು ಇದಕ್ಕೆ ‘ಪವಿತ್ರ ಮೂರ್ಖ’ ಅನ್ನುವ ಅರ್ಥದ ಎರಡು ಪದ ಜೋಡಿಸಿಕೊಂಡು ಒದ್ದಾಡುತ್ತಾರೆ. ಕರಡಿನಲ್ಲೂ ‘ಪವಿತ್ರ ಮೂರ್ಖ’ ಅಂತಲೇ ಇತ್ತು. ನಮ್ಮಲ್ಲಿ ‘ಅವಧೂತ’ ಅನ್ನುವ ಒಂದೇ ಪದ ಸಿದ್ಧವಾಗಿದೆ. ಧರ್ಮ ಬೇರೆ, ಒಪ್ಪುತ್ತೇನೆ. ಆದರೆ ‘ಅವಧೂತ ವಸೀಲಿ’ ಅಂದರೆ ಕನ್ನಡ ಓದುಗನಿಗೆ ವಿವರಣೆಯೇ ಬೇಡ. ಇದಕ್ಕೆ ಯಾರದಾದರೂ ತಕರಾರು ಇದೆಯಾ?

ಅದೇ ಇವಾನನ ಹೆಸರೂ ನೋಡಿ. ‘ಭಯಂಕರ ಇವಾನ್’ ಅಂತ ಶಾಲೆಯಲ್ಲಿ ಓದಿದ್ದು. ರಷ್ಯನ್ನಿನಲ್ಲಿ ‘ಗ್ರೋಜ್ನಿ’. ‘ಗ್ರಜಾ’ ಅಂದರೆ ಗುಡುಗು ಸಿಡಿಲಿನ ಮಳೆ. ಹೆದರಿಕೆಯ ಜೊತೆ ಗೌರವವೂ ಸೇರಿದ ಪದ ಅದು, ಬೈಗುಳ ಅಲ್ಲ. ಉಗ್ರ ನರಸಿಂಹನಿಗೆ ಕೈಮುಗಿಯುವ ನಾವು ‘ಉಗ್ರ ಇವಾನ್’ ಅಂದರೆ ಸಾಕು. ಅವನು ಮಾಡಿದ ಕೊಲೆಗಳ ಲೆಕ್ಕ ಬೇರೆ ವಿಷಯ.

ಮಾಸ್ಕೋದ ಬೋಲ್ಶೊಯ್ ರಂಗಮಂದಿರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋಲ್ಶೊಯ್ ಅಂದರೆ ದೊಡ್ಡದು, ಅಷ್ಟೇ. ಅದರ ಮುಂದಿನ ಬಯಲಿನಲ್ಲೇ ‘ಮಾಲಿ’, ಅಂದರೆ ಚಿಕ್ಕ ರಂಗಮಂದಿರವೂ ಇದೆ. ದೊಡ್ಡದರಲ್ಲಿ ಬ್ಯಾಲೆ ಮತ್ತು ಆಪೆರಾ, ಚಿಕ್ಕದರಲ್ಲಿ ನಾಟಕ. ಹೆಸರನ್ನು ಮುಟ್ಟಬೇಡಿ, ಟಿಕೆಟ್ ಮೇಲೆ ಹಾಗೇ ಇರುತ್ತದೆ.

ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದ ಬಗ್ಗೆ ಮಾತ್ರ ನನಗೆ ನಗು. ಫ್ರೆಂಚಿನಲ್ಲಿ ಅದು ಒಂಟಿ ಸನ್ಯಾಸಿಯ ಗುಡಿಸಲು. 1764ರಲ್ಲಿ ರಾಣಿ ಎರಡನೇ ಕ್ಯಾಥರೀನ್ ಬರ್ಲಿನ್‌ನ ಒಬ್ಬ ವ್ಯಾಪಾರಿಯಿಂದ ಚಿತ್ರಗಳ ಸಂಗ್ರಹ ಪಡೆದಳು, ಅಲ್ಲಿಂದ ಶುರು. ಜನರಿಗೆ ತೆರೆದದ್ದು 1852ರಲ್ಲಿ. ಈಗ 30 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಎಂಥ ಗುಡಿಸಲು! ಪ್ರಶ್ನೆ ಕಾಗುಣಿತದ್ದು. ರಷ್ಯನ್ನರು ‘ಎರ್ಮಿತಾಝ್’ ಅಂತ ಬರೆಯುತ್ತಾರೆ. ಆ ಕೊನೆಯ ಸದ್ದು ನಮ್ಮ ಝ ಅಲ್ಲ, ಜ ಕೂಡ ಅಲ್ಲ. ಚುಕ್ಕಿ ಹಾಕಿದ ಜ಼ ಬಳಸೋಣ ಅಂದರೆ ಎಷ್ಟು ಜನ ಓದಿಯಾರು? ನನ್ನ ಮತ ಝಗೆ. ಇದೇ ತೊಡಕು ಒತ್ತು ಬೀಳದ ಓ ಬಗ್ಗೆಯೂ ಇದೆ. ಬರೆಯುವುದು ಓ, ಹೇಳುವುದು ಅ. ಬರಹದಲ್ಲಿ ಮೊಸ್ಕ್ವ, ಬಾಯಲ್ಲಿ ಮಸ್ಕ್ವಾ. ಪ್ರವಾಸಿಗೆ ಬೇಕಾಗಿರುವುದು ಬಾಯಿಯ ರೂಪ. ಅದಕ್ಕೇ ನಾನು ‘ಪೊಸಾದ್’ ಬಿಟ್ಟು ‘ಪಸಾದ್’ ಬರೆದಿದ್ದೇನೆ.

ಬೀದಿಯಲ್ಲಿ ಕೆಲಸಕ್ಕೆ ಬರುವ ಎರಡು ಪದ ಕರಡಿನಲ್ಲಿ ಇರಲೇ ಇಲ್ಲ, ಸೇರಿಸಿದೆ. ಒಂದು ‘ಮಗಜೀನ್’. ಎಲ್ಲ ಕಡೆ ಬೋರ್ಡ್ ಇರುತ್ತದೆ. ವಾರಪತ್ರಿಕೆ ಅಲ್ಲ, ಅಂಗಡಿ. ಅರಬ್ಬಿಯ ‘ಮಖ್ಜನ್’, ಉಗ್ರಾಣ ಅನ್ನುವ ಪದ ಎರಡು ದಾರಿ ಹಿಡಿದು ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಪತ್ರಿಕೆ ಆಗಿದೆ. ಇನ್ನೊಂದು ‘ವಗ್ಜಾಲ್’, ದೊಡ್ಡ ರೈಲು ನಿಲ್ದಾಣ. ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದ ಹೆಸರು ಪಾವ್ಲೋವ್ಸ್ಕಿನ ರೈಲು ನಿಲ್ದಾಣದ ಸಂಗೀತ ಮಂಟಪಕ್ಕೆ ಬಂತು, ಅಲ್ಲಿಂದ ನಿಲ್ದಾಣಕ್ಕೇ ಅಂಟಿತು. ಪ್ರವಾಸಿ ಗಮನಿಸಬೇಕಾದ್ದು ಬೇರೆ. ನಿಲ್ದಾಣಕ್ಕೆ ಹೆಸರು ಇಡುವುದು ರೈಲು ಎಲ್ಲಿಗೆ ಹೋಗುತ್ತದೋ ಆ ಊರಿಂದ. ಪೀಟರ್ಸ್‌ಬರ್ಗಿಗೆ ಹೋಗಲು ಮಾಸ್ಕೋದಲ್ಲಿ ‘ಲೆನಿನ್‌ಗ್ರಾದ್ಸ್ಕಿ ವಗ್ಜಾಲ್’ಗೆ ಹೋಗಬೇಕು. ಲೆನಿನ್‌ಗ್ರಾದ್ ಅಂತ ಇದ್ದ ಊರಿನ ಹೆಸರು 1991ರಲ್ಲೇ ಪೀಟರ್ಸ್‌ಬರ್ಗ್ ಅಂತ ಬದಲಾಯಿತು, ನಿಲ್ದಾಣದ್ದು ಇಲ್ಲ. ಪೀಟರ್ಸ್‌ಬರ್ಗಿನಲ್ಲಿ ಇಳಿಯುವುದು ‘ಮಸ್ಕೋವ್ಸ್ಕಿ ವಗ್ಜಾಲ್’ನಲ್ಲಿ. ಬೋರ್ಡ್ ನೋಡಿ, ಇನ್ನೂ ಮಾಸ್ಕೋದಲ್ಲೇ ಇದ್ದೀವಿ ಅಂತ ಗಾಬರಿ ಆಗಬೇಡಿ.

ಮಾಸ್ಕೋ ಮೆಟ್ರೋದಲ್ಲಿ ಬಾಗಿಲು ಮುಚ್ಚುವಾಗ ‘ದ್ವೇರಿ’ ಅಂತ ಕೇಳಿಸುತ್ತದೆ. ಹೌದು, ದ್ವಾರವೇ. ನಗರದ ನಡುವಿನ ಕಡೆ ಹೋಗುವಾಗ ಗಂಡಸಿನ ದನಿ, ಹೊರಗೆ ಹೋಗುವಾಗ ಹೆಂಗಸಿನ ದನಿ. ಬ್ರಾತ್ (ಅಣ್ಣ ಅಥವಾ ತಮ್ಮ), ದ್ವಾ (ಎರಡು), ತ್ರಿ (ಮೂರು), ಇಂಥವನ್ನು ಹಿಡಿದುಕೊಂಡು ‘ರಷ್ಯನ್ ಸಂಸ್ಕೃತದಿಂದ ಹುಟ್ಟಿತು’ ಅನ್ನುವ ಸಂದೇಶಗಳು ಫೋನಿನಲ್ಲಿ ಓಡಾಡುತ್ತವೆ. ದಯವಿಟ್ಟು ಅದನ್ನು ಇಲ್ಲಿಗೆ ತರಬೇಡಿ. ಎರಡೂ ಒಂದೇ ಹಳೆಯ ಮೂಲದ ದಾಯಾದಿಗಳು. ದ್ವಾರ ನಮಗೆ ಸಾಲ ಬಂದ ಪದ, ನಮ್ಮದು ಬಾಗಿಲು.

ನಾವು ಅವರ ಹೆಸರು ಕೆಡಿಸುತ್ತೇವೆ ಅಂತ ತೀರಾ ಬೇಜಾರು ಮಾಡಿಕೊಳ್ಳಬೇಕಿಲ್ಲ. 15ನೇ ಶತಮಾನದಲ್ಲಿ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕೀತಿನ್, ಅಂದರೆ ನಿಕೀತನ ಮಗ ಅಫನಾಸಿ, ಕುದುರೆ ಮಾರಲು ಬಂದು ಬೀದರಿನಲ್ಲಿ ಉಳಿದಿದ್ದ. ತನ್ನ ಬರಹದಲ್ಲಿ ಬೀದರನ್ನು ‘ಬೆದೆರ್’ ಮಾಡಿದ, ವಿಜಯನಗರವನ್ನು ‘ಬಿಚಿನೆಗಿರ್’ ಮಾಡಿದ. ಕಿವಿಗೆ ಬಿದ್ದ ಹಾಗೆ ಬರೆದ, ಆ ಹೆಸರುಗಳನ್ನು ರಷ್ಯನ್ನಿಗೆ ಅನುವಾದಿಸಲು ಹೋಗಲಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ. ಹಿಂತಿರುಗುವ ದಾರಿಯಲ್ಲಿ ಸ್ಮೊಲೆನ್ಸ್ಕ್ ತಲುಪುವ ಮೊದಲೇ ಅವನು ತೀರಿಕೊಂಡ. ತ್ವೇರ್ ಊರು ಮಾಸ್ಕೋ–ಪೀಟರ್ಸ್‌ಬರ್ಗ್ ರೈಲು ದಾರಿಯಲ್ಲೇ ಇದೆ. ವೋಲ್ಗಾ ದಡದಲ್ಲಿ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಇದೆ. ಕನ್ನಡದ ಕೈಪಿಡಿಯಲ್ಲಿ ಅದಿಲ್ಲದಿದ್ದರೆ ಹೇಗೆ? ಸೇರಿಸಿದೆ.

ಕೊನೆಯದಾಗಿ, ನಿಜವಾಗಿ ಸಿಕ್ಕಿಹಾಕಿಕೊಂಡಿರುವ ಪದ ‘ಬಾನ್ಯ’. ಕಲ್ಲು ಕಾಯಿಸಿ, ನೀರು ಎರಚಿ, ಎದ್ದ ಆವಿಯಲ್ಲಿ ಕೂತು, ಬರ್ಚ್ ಎಲೆಯ ಕಟ್ಟಿನಿಂದ ಮೈಗೆ ಬಡಿಸಿಕೊಳ್ಳುವ ಸ್ನಾನ. ಮಾಸ್ಕೋದ ಸಂದುನೋವ್ ಬಾನ್ಯ 1808ರಿಂದ ಇದೆ. ಮಿಂದು ಬಂದವರಿಗೆ ‘ಸ್ ಲ್ಯೋಖ್ಕಿಮ್ ಪಾರಮ್’ ಅನ್ನುತ್ತಾರೆ, ಆವಿ ಹಗುರವಾಗಿರಲಿ ಅನ್ನುವ ಹಾರೈಕೆ. ಬಚ್ಚಲು ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಅಭ್ಯಂಜನದಲ್ಲಿ ಎಣ್ಣೆ ಇದೆ, ಆವಿ ಇಲ್ಲ. ‘ಹಬೆಮನೆ’ ಹೊಳೆದಿದೆ, ಆದರೆ ಇಡ್ಲಿ ಬೇಯಿಸುವ ಜಾಗದ ಹಾಗೆ ಕೇಳುತ್ತದೆ. ನಿಮ್ಮ ಕಡೆ, ಕರಾವಳಿಯಲ್ಲೋ ಮಲೆನಾಡಿನಲ್ಲೋ, ಬಾಣಂತಿಗೆ ಅಥವಾ ಮೈಕೈ ನೋವಿಗೆ ಹಬೆ ಕೊಡುವುದಕ್ಕೆ ಬೇರೆ ಮಾತು ಇದ್ದರೆ ಬರೆಯಿರಿ. ಜೊತೆಗೆ ಆ ಹಾರೈಕೆಗೂ ಒಂದು ಕನ್ನಡ ಬೇಕು. ಕರಡು ಇನ್ನೂ ನನ್ನ ಹತ್ತಿರವೇ ಇದೆ.