ಹಂಚು ತೆಗೆದು ರಬ್ಬರ್ ಶೇಕ್ ಹೊದಿಸಿದವರು ಅನುಭವ ತಿಳಿಸುವಿರಾ?

ಕೇಳಿದವರು, ತೀರ್ಥಹಳ್ಳಿ ಕಡೆಯವರು: ನಮ್ಮದು ನಲವತ್ತು ವರ್ಷದ ಮಂಗಳೂರು ಹಂಚಿನ ಮನೆ. ಮಂಗಗಳ ಕಾಟಕ್ಕೆ ಹಂಚು ಉಳಿಯುತ್ತಿಲ್ಲವಾದ್ದರಿಂದ, ಹಳೆಯ ಟೈರಿನ ಪುಡಿಯಿಂದ ಮಾಡಿದ, ಸೀಳಿದ ಮರದ ಹಲಗೆಯಂತೆ ಕಾಣುವ ರಬ್ಬರ್ ಶೇಕ್ ಹಾಕಿಸುವ ಯೋಚನೆಯಿದೆ. ಹಳೆಯ ರೀಪಿನ ಮೇಲೆಯೇ ಹೊಡೆಯಬಹುದೇ? ಬಚ್ಚಲೊಲೆಯ ಹೊಗೆಕೊಳವೆ ಮಾಡಿನ ಮೂಲಕ ಹೋಗುತ್ತದೆ. ಅದರ ಸುತ್ತ ಏನು ಮಾಡಬೇಕು?

ಹೊಸನಗರದ ಅಡಿಕೆ ಬೆಳೆಗಾರ: ನಾನು ಹಾಕಿಸಿದ್ದೇನೆ, ಆದ್ದರಿಂದ ಲೆಕ್ಕವನ್ನೇ ಕೊಡುತ್ತೇನೆ. ಮಾಡಿನ ವಿಸ್ತೀರ್ಣ 1,400 ಚದರಡಿ. ಕತ್ತರಿಸುವಾಗ ಹಾಳಾಗುವುದೂ ಸೇರಿ 1,540 ಚದರಡಿ ಶೇಕ್, ಅಡಿಗೆ 310 ರೂಪಾಯಿಯಂತೆ 4,77,400. ಅಡಿಯಲ್ಲಿ 48 ಮರೈನ್ ಪ್ಲೈವುಡ್ ಹಲಗೆ, ತಲಾ 2,600ರಂತೆ 1,24,800. ನೀರು ತಡೆಯುವ ಹಾಳೆಗೆ 38,000, ಕೂಲಿ 63,000. ಮೇಸ್ತ್ರಿ ಹಣ ಉಳಿಸಲು ಮಾಮೂಲಿ ಕಬ್ಬಿಣದ ಮೊಳೆ ಹೊಡೆದಿದ್ದರು. ಎರಡನೆಯ ಮಳೆಗಾಲದ ಪುನರ್ವಸು ಮಳೆಗೆ ತುಕ್ಕು ಹಿಡಿದ ತಲೆಗಳು ಉದುರಿ, ಪಡುವಣ ಬದಿಯ ಎರಡು ಸಾಲು ಸೂರಿನವರೆಗೆ ಜಾರಿದವು. ಸ್ಟೇನ್‌ಲೆಸ್ ಮೊಳೆಗೆ 17,500, ಮರುಕೂಲಿಗೆ 22,000. ಒಟ್ಟು 7,42,700 ರೂಪಾಯಿ. ಆದರೆ ಆಮೇಲೆ ಮುಸಿಯ ಮಂಗಗಳ ಹಿಂಡೇ ಕುಣಿದರೂ ಒಂದು ಬಿರುಕಿಲ್ಲ.

ಕೊಪ್ಪದ ನಿವೃತ್ತ ಮೇಷ್ಟ್ರು: ಏಳೂವರೆ ಲಕ್ಷಕ್ಕೆ ನಾನು ಮನೆಗೆ ಹಂಚು ಹೊದಿಸಿ, ಕೊಟ್ಟಿಗೆಗೂ ಹೊದಿಸಿ, ಮಿಕ್ಕಿದ್ದರಲ್ಲಿ ಬಾವಿ ತೋಡಿಸುತ್ತಿದ್ದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಮಾಡುಗಳೆಲ್ಲ ಅದನ್ನೇ ನಂಬಿಕೊಂಡು ಬಂದಿವೆ. ಪ್ರತಿ ಬೇಸಿಗೆಯ ಕೊನೆಗೆ ಒಮ್ಮೆ ಹಂಚು ಕೈಯಾಡಿಸಿ, ಒಡೆದ ಐವತ್ತನ್ನು ಬದಲಿಸಿದರೆ ಸಾಕು. ಕಳೆದ ವರ್ಷ ನನಗೆ ಮೂರು ಆಳಿನ ಕೂಲಿಯೂ ಹಂಚಿನ ಬೆಲೆಯೂ ಸೇರಿ 6,150 ರೂಪಾಯಿ ಆಯಿತು.

ಹೊಸನಗರದ ಅಡಿಕೆ ಬೆಳೆಗಾರ: ಮೇಷ್ಟ್ರೇ, ಮಾಡು ಹತ್ತುವ ಆಳು ನಿಮ್ಮೂರಿನಲ್ಲಿ ಇನ್ನೂ ಸಿಗುತ್ತಾರೆಂದರೆ ನಿಮ್ಮದು ಪುಣ್ಯ. ನಮ್ಮಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರೂ ಇಲ್ಲ, ಹಂಚು ಕೈಯಾಡಿಸುವವರೂ ಇಲ್ಲ.

ಸಾಗರದಿಂದ ಒಬ್ಬರು: ಇಬ್ಬರೂ ವೃಥಾ ವಾದಿಸುತ್ತಿದ್ದೀರಿ. ನಾನು ಹಂಚಿನಾಕಾರದ ಬಣ್ಣದ ಶೀಟು ಹಾಕಿಸಿ ಆರು ವರ್ಷವಾಯಿತು. ಒಂದು ಹನಿ ಸೋರಿಲ್ಲ, ಪ್ಲೈವುಡ್ಡಿನ ಗೊಡವೆಯೂ ಇಲ್ಲ.

ಕೊಪ್ಪದ ನಿವೃತ್ತ ಮೇಷ್ಟ್ರು: ಸೋರುವುದಿಲ್ಲ, ನಿಜ. ನನ್ನ ತಂಗಿಯ ಮನೆಯಲ್ಲೂ ಅದೇ ಶೀಟು. ಪುಷ್ಯ ಮಳೆ ಹಿಡಿದರೆ ಎದುರು ಕುಳಿತವರ ಮಾತು ಕೇಳುವುದಿಲ್ಲ, ಬೇಸಿಗೆಯ ಮಧ್ಯಾಹ್ನ ಅಟ್ಟಕ್ಕೆ ಕಾಲಿಡಲಾಗುವುದಿಲ್ಲ.

ಸಾಗರದಿಂದ ಒಬ್ಬರು: ಶೀಟಿನ ಕೆಳಗೆ ಮುಚ್ಚಿಗೆ ಮಾಡಿಸದೆ ಶೀಟನ್ನು ದೂರುವುದು ನ್ಯಾಯವಲ್ಲ. ನಿಮ್ಮ ತಂಗಿಯವರು ಅಲ್ಲಿ ಉಳಿಸಿದ ಹಣವನ್ನು ಏನು ಮಾಡಿದರೆಂದು ಕೇಳಿ.

ಕೊಪ್ಪದ ನಿವೃತ್ತ ಮೇಷ್ಟ್ರು: ನಮ್ಮ ಮನೆಯ ಲೆಕ್ಕ ತಮಗೆ ಬೇಡ.

ಶಿವಮೊಗ್ಗ ವಿನೋಬನಗರದ ಗೃಹಿಣಿ: ನಮ್ಮ ತವರುಮನೆಗೆ ರಬ್ಬರ್ ಹೊದಿಸಿದ್ದು ನನ್ನ ಹಟಕ್ಕೆ, ಆದ್ದರಿಂದ ತಪ್ಪೂ ನನ್ನದೇ. ಹಳೆಯ ರೀಪಿನ ಮೇಲೆ ಹೊಡೆಯಲು ಬರುವುದಿಲ್ಲ, ಸಂದಿಲ್ಲದ ಹಲಗೆ ಬೇಕೇ ಬೇಕು. ನಾವು ಹಲಗೆ ಹಾಕಿದೆವು, ಆದರೆ ಕೆಳಗೆ ಗಾಳಿಯಾಡಲು ಜಾಗ ಬಿಡಲಿಲ್ಲ. ಹಂಚಿನ ಸಂದಿಯಲ್ಲಿ ಹೊರಹೋಗುತ್ತಿದ್ದ ಅಡುಗೆಮನೆಯ ಹಬೆ ಹಲಗೆಗೆ ತಾಗಿ, ಆಷಾಢ ಮುಗಿಯುವಷ್ಟರಲ್ಲಿ ಎಂಟು ಹಲಗೆಗಳು ಉಬ್ಬಿ ಬೂಷ್ಟು ಹಿಡಿದವು. ಮೊದಲ ಬೇಸಿಗೆಯಿಡೀ ಪಂಕ್ಚರ್ ಅಂಗಡಿಯ ವಾಸನೆ. ಟೈರ್ ರಬ್ಬರಿನಿಂದ ಸತು ನೀರಿಗೆ ಬಿಡುತ್ತದೆಂದು ತಿಳಿದ ಮೇಲೆ, ಅಪ್ಪ ಸೂರಿನ ನೀರು ಹಿಡಿದು ಕುಡಿಯುತ್ತಿದ್ದುದನ್ನೂ ನಿಲ್ಲಿಸಿದರು. ಆ ಕೋಪ ಇನ್ನೂ ಇಳಿದಿಲ್ಲ.

ಹೊಸನಗರದ ಅಡಿಕೆ ಬೆಳೆಗಾರ: ಗಾಳಿಯಾಡಲು ಜಾಗ ಬಿಡದಿದ್ದುದು ನಿಮ್ಮ ಮೇಸ್ತ್ರಿಯ ತಪ್ಪು, ಅಮ್ಮಾ, ರಬ್ಬರಿನದಲ್ಲ.

ಶಿವಮೊಗ್ಗ ವಿನೋಬನಗರದ ಗೃಹಿಣಿ: ನಿಮ್ಮ ಮೊಳೆಯ ತಪ್ಪು ಯಾರದ್ದಾಗಿತ್ತು, ಸ್ವಾಮಿ?

ಕೇಳಿದವರು: ದಯವಿಟ್ಟು ಬಚ್ಚಲೊಲೆಯ ಹೊಗೆಕೊಳವೆಯ ವಿಷಯ ಯಾರಾದರೂ ಹೇಳುವಿರಾ?

ಹೊಸನಗರದ ಅಡಿಕೆ ಬೆಳೆಗಾರ: ಕೊಳವೆಯ ಸುತ್ತ ರಬ್ಬರನ್ನೂ ಹಲಗೆಯನ್ನೂ ದೂರ ನಿಲ್ಲಿಸಿ, ತಗಡಿನ ಪಟ್ಟಿ ಕಟ್ಟಿಸಬೇಕು, ರಬ್ಬರ್ ಹತ್ತಿಕೊಂಡರೆ ಆರಿಸುವುದು ಸುಲಭವಲ್ಲ. ನಾನಂತೂ ಒಲೆ ತೆಗೆಸಿ ಸೋಲಾರ್ ಹಾಕಿಸಿದೆ, ಅದರ ಖರ್ಚು ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಅಂದಹಾಗೆ ನನ್ನಲ್ಲಿ ಆರು ಕಟ್ಟು ಶೇಕ್ ಉಳಿದಿದೆ, ಬೇಕಾದರೆ ಬಂದು ಒಯ್ಯಬಹುದು. ಅಡಿಗೆ 310ಕ್ಕಿಂತ ಇಳಿಸುವುದಿಲ್ಲ.