ಪದಚರ್ಚೆ: ಸ್ಪ್ಲಿಟ್ ಬ್ರೇನ್, ಕೋರಂ, ಫೆನ್ಸಿಂಗ್

ಎಲ್ಲರಿಗೂ ನಮಸ್ಕಾರ,

ಡೇಟಾಬೇಸ್ ಕ್ಲಸ್ಟರ್‌ಗಳ (ಒಂದೇ ಡೇಟಾಬೇಸನ್ನು ಒಟ್ಟಾಗಿ ನಡೆಸುವ ಸರ್ವರ್‌ಗಳ ಗುಂಪು, ಅದರ ಒಂದೊಂದು ಸರ್ವರ್ ಒಂದೊಂದು ನೋಡ್) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೂರು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಸ್ಪ್ಲಿಟ್ ಬ್ರೇನ್. ನೋಡ್‌ಗಳ ನಡುವೆ ನೆಟ್‌ವರ್ಕ್ ಕಡಿದುಹೋಗುತ್ತದೆ. ಆ ಕಡೆಯ ಪ್ರೈಮರಿ (ಡೇಟಾ ಬರೆಯುವ ಅಧಿಕಾರ ಇರುವ ಮುಖ್ಯ ನೋಡ್) ಸತ್ತಿದೆ ಎಂದುಕೊಂಡು ಈ ಕಡೆಯ ನೋಡ್ ತಾನೇ ಪ್ರೈಮರಿ ಆಗಿಬಿಡುತ್ತದೆ. ಹಳೆಯದು ಸತ್ತಿರುವುದಿಲ್ಲ, ಅದೂ ಬರೆಯುತ್ತಲೇ ಇರುತ್ತದೆ. 2018ರ ಅಕ್ಟೋಬರ್‌ನಲ್ಲಿ, ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡು. ಆದರೆ ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಯ ಡೇಟಾಬೇಸ್‌ಗಳಲ್ಲಿ, ಒಂದರಲ್ಲಿ ಇಲ್ಲದ ಬರಹ ಇನ್ನೊಂದರಲ್ಲಿ ಉಳಿದುಬಿಟ್ಟಿತು. ಸೇವೆ ಪೂರ್ತಿ ಸರಿಹೋಗಲು 24 ಗಂಟೆಗೂ ಜಾಸ್ತಿ ಹಿಡಿಯಿತು.

'ಸೀಳು ಮಿದುಳು' ಅಂದರೆ ಯಾವುದೋ ಕಾಯಿಲೆಯ ಹೆಸರಿನಂತೆ ಕೇಳುತ್ತದೆ. 'ಒಡಕು' ಸಾಲದು. ಅದು ನೆಟ್‌ವರ್ಕ್ ಕಡಿದದ್ದನ್ನಷ್ಟೇ ಹೇಳುತ್ತದೆ, ಮತ್ತು ಒಡಕಾದಾಗಲೆಲ್ಲ ಇಬ್ಬರು ಪ್ರೈಮರಿ ಹುಟ್ಟಬೇಕೆಂದಿಲ್ಲ. ನನ್ನ ಒಲವು 'ಇರ್ತಲೆ' ಕಡೆಗೆ. ಒಂದು ಮೈ, ಆಜ್ಞೆ ಕೊಡುವ ತಲೆ ಎರಡು.

ಇದನ್ನು ತಡೆಯುವ ಮೊದಲ ಉಪಾಯ ಕೋರಂ, ಅಂದರೆ ಇಷ್ಟು ನೋಡ್‌ಗಳು ಜೊತೆಗಿದ್ದರೆ ಮಾತ್ರ ಪ್ರೈಮರಿ ಆಗಬಹುದು ಎಂಬ ಕನಿಷ್ಠ ಸಂಖ್ಯೆ. ಈ ಪದ ನಮ್ಮಲ್ಲಿ ಆಗಲೇ ಇದೆ, ಹಾಗೇ ಇಟ್ಟುಕೊಳ್ಳಬಹುದು ಅಲ್ವಾ? ನನಗೆ ಅನುಮಾನ ಇದೆ. ಸಭೆಯ ಕೋರಂಗೆ ಹತ್ತರಲ್ಲಿ ಒಂದು ಭಾಗ ಜನ ಇದ್ದರೂ ಸಾಕಾಗಬಹುದು. ಕ್ಲಸ್ಟರ್‌ನಲ್ಲಿ ಅಷ್ಟಕ್ಕೇ ಒಪ್ಪಿದರೆ ಎರಡೂ ಗುಂಪಿಗೆ ಕೋರಂ ಸಿಕ್ಕಿಬಿಡುತ್ತದೆ! ಅರ್ಧಕ್ಕಿಂತ ಹೆಚ್ಚು ನೋಡ್‌ಗಳು ಒಂದೇ ಸಲ ಎರಡು ಕಡೆ ಇರಲಾರವು ಎಂಬುದರ ಮೇಲೇ ಇಡೀ ಉಪಾಯ ನಿಂತಿದೆ. ಅದಕ್ಕೇ 3 ನೋಡ್ ಇದ್ದರೆ 2 ಬೇಕು, 5 ಇದ್ದರೆ 3. ನಾಲ್ಕಿದ್ದರೂ 3 ಬೇಕು, ಹಾಗಾಗಿ ನಾಲ್ಕನೆಯ ನೋಡ್ ಸೇರಿಸಿದರೂ, ನೋಡ್ ಕೆಟ್ಟಾಗ ತಡೆದುಕೊಳ್ಳುವ ತಾಳಿಕೆ ಹೆಚ್ಚುವುದಿಲ್ಲ. ಎರಡೇ ನೋಡ್ ಇರುವ ಕಡೆ ಡೇಟಾ ಇಟ್ಟುಕೊಳ್ಳದೆ ಮತ ಮಾತ್ರ ಹಾಕುವ ಮೂರನೆಯದೊಂದನ್ನು ಸೇರಿಸುತ್ತಾರೆ. 'ಬಹುಮತ' ಎಂದೇ ಬರೆದರೆ ಓದುಗರು ದಾರಿ ತಪ್ಪುವುದಿಲ್ಲ ಎನಿಸುತ್ತದೆ.

ನಿಜಕ್ಕೂ ಕಷ್ಟ ಕೊಡುತ್ತಿರುವುದು ಫೆನ್ಸಿಂಗ್. ಹಳೆಯ ಪ್ರೈಮರಿ ಸ್ವಲ್ಪ ಹೊತ್ತು ಸ್ತಬ್ಧವಾಗಿದ್ದು, ಮತ್ತೆ ಎಚ್ಚೆತ್ತು, ತಾನೇ ಯಜಮಾನ ಎಂದು ಬರೆಯಲು ಹೊರಡಬಹುದು. ಹಾಗಾಗದಂತೆ ಅದರ ಕರೆಂಟ್ ತೆಗೆಯುತ್ತಾರೆ, ಇಲ್ಲವೇ ಸ್ಟೋರೇಜ್ ಅದರ ಕೈಗೆ ಸಿಗದಂತೆ ಮಾಡುತ್ತಾರೆ. ಇದನ್ನು 'ಬೇಲಿ ಹಾಕುವುದು' ಎಂದರೆ ಅರ್ಥವೇ ತಿರುಗುತ್ತದೆ, ಆ ನೋಡನ್ನೇ ಕಾಪಾಡುತ್ತಿದ್ದಾರೆ ಅನಿಸುತ್ತದೆ. 'ಕಟ್ಟಿಹಾಕುವುದು' ನನಗೆ ಹೊಳೆದ ಪದ. ಆದರೆ ಕರೆಂಟ್ ತೆಗೆಯುವಷ್ಟು ಬಿರುಸು ಅದರಲ್ಲಿದೆಯೇ? ಸರ್ವರ್ ನೋಡಿಕೊಳ್ಳುವವರು ಮಾತಿನಲ್ಲಿ ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.